ಮೊಟ್ಟೆಗಳ ಮೇಲೆ ನಿಲ್ಲುವ ಕೆಲಸ

ಮೊಟ್ಟೆ ಗೋದಾಮಿನಲ್ಲಿ ಎಲ್ಲರೂ ಅವಳನ್ನು ಗರಿಯಕ್ಕ ಎನ್ನುತ್ತಿದ್ದರು. ತೂಕ ನಲವತ್ತೊಂದು ಕಿಲೋ. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಮೊಟ್ಟೆಯನ್ನು ದೀಪದ ಮುಂದೆ ಹಿಡಿದು ಬಿರುಕು ನೋಡುವುದು, ಚೂಪು ತುದಿ ಕೆಳಗಾಗಿ ಟ್ರೇಯಲ್ಲಿ ಕೂರಿಸುವುದು. ದೊಡ್ಡ ಗಿರಾಕಿಗಳು ಬಂದ ದಿನ ಮಾತ್ರ ಇನ್ನೊಂದು ಕೆಲಸವಿತ್ತು. ಚಪ್ಪಲಿ ಕಳಚಿ ಎರಡು ಟ್ರೇ ಮೊಟ್ಟೆಗಳ ಮೇಲೆ ನಿಲ್ಲುವುದು.

"ವೇಗದ ರೈಲಿನ ಮೂತಿ ನೋಡಿದ್ದೀರಲ್ಲ? ಗಾಳಿ ಜಾರಿಹೋಗಲಿ ಅಂತ ಹೀಗೇ ಮಾಡಿರೋದು," ಎಂದು ಮ್ಯಾನೇಜರ್ ಮೊಟ್ಟೆಯೊಂದನ್ನು ಎತ್ತಿ ತೋರಿಸುತ್ತಿದ್ದ. "ಭಾರಾನೂ ಹಾಗೇ ಜಾರಿಹೋಗುತ್ತೆ. ಕಮಾನು ಸಾರ್, ಕಮಾನು!"

ಮೇಲಿನ ಭಾರವನ್ನು ಚಿಪ್ಪಿನ ಬಾಗು ಸುತ್ತಲೂ ಹಂಚಿಬಿಡುತ್ತದೆ, ನಿಜ. ಆದರೆ ಪಾದ ಚಪ್ಪಟೆಯಾಗಿ, ನೇರವಾಗಿ ಇಳಿಯಬೇಕು. ಹಿಮ್ಮಡಿ ಮೊದಲು ಊರಿದರೆ ಕೆಲಸ ಕೆಟ್ಟಿತು. ಅದಕ್ಕೇ ಎದುರಿಗೊಬ್ಬರು ಎರಡೂ ಕೈ ಹಿಡಿದು ತೂಕವನ್ನು ಮೆಲ್ಲಗೆ ಬಿಡಬೇಕು. ಹಿಡಿಯುತ್ತಿದ್ದವಳು ಗರಿಯಕ್ಕನ ನಾದಿನಿ. ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ್ದೂ ಗರಿಯಕ್ಕನೇ.

ಬಿರುಕು ಹುಡುಕುವ ಯಂತ್ರ ಬಂದ ವಾರ ಮ್ಯಾನೇಜರ್ ಇಬ್ಬರನ್ನೂ ಕರೆದ. "ಇನ್ನು ಒಬ್ಬರು ಸಾಕು. ಟ್ರೇ ಮೇಲೆ ನಿಲ್ಲೋರು ಇರಲಿ. ನಾಳೆ ಗಿರಾಕಿಗಳು ಬರ್ತಾರೆ."

"ನೀವೇ ಗೆದ್ರಿ ಬಿಡಿ ಅತ್ತಿಗೆ," ಎಂದಳು ನಾದಿನಿ, ಮನೆ ದಾರಿಯಲ್ಲಿ. "ನಾನು ಹತ್ತಿದ್ರೆ ನೆಲಾನೇ ಬಿರುಕು ಬಿಡುತ್ತೆ."

"ಅಯ್ಯೋ ಹುಚ್ಚಿ, ತೂಕದಲ್ಲಿ ಏನಿದೆ? ನಿನ್ನ ಎರಡರಷ್ಟಿದ್ದೋರೂ ನಿಲ್ಲಬಹುದು. ಎಲ್ಲಾ ಪಾದ ಇಡೋದ್ರಲ್ಲಿದೆ." ಹೆಮ್ಮೆಯಿಂದ, ರಸ್ತೆಯ ಮೇಲೇ ನಿಂತು, ಗರಿಯಕ್ಕ ಪಾದ ಇಡುವುದನ್ನು ತೋರಿಸಿಕೊಟ್ಟಳು.

ಮರುದಿನ ಆರು ಜನ ಗಿರಾಕಿಗಳ ಎದುರು ಅವಳ ಬಲಗಾಲು ಸರಿಯಾಗಿ ಇಳಿಯಿತು. ಎಡಗಾಲು ಇಳಿಯುವಾಗ ನಾದಿನಿಯ ಬೆರಳುಗಳು ಬಿಚ್ಚಿಕೊಂಡವು. ಮೈ ಹಿಂದಕ್ಕೆ ವಾಲಿತು, ಹಿಮ್ಮಡಿ ಕುಸಿಯಿತು. ಕಾಲ್ಬೆರಳುಗಳ ಸಂದಿನಿಂದ ಹಳದಿ ಉಕ್ಕಿತು. ಯಾರೋ ಗೊಳ್ಳೆಂದು ನಕ್ಕರು.

"ಯಾಕೇ ಬಿಟ್ಟೆ?"

"ಬೆವರು ಅತ್ತಿಗೆ. ಜಾರಿತು." ಅವಳ ಅಂಗೈ ಒಣಗಿತ್ತು.

"ಗರಿಗೂ ಭಾರ ಬಂತಾ?" ಎಂದ ಮ್ಯಾನೇಜರ್. ಬೇರೆ ಟ್ರೇಗಳು ಬಂದವು. ನಾದಿನಿಯತ್ತ ತಿರುಗಿದ. "ನೀನು ಹತ್ತು. ಕೈ ಅವಳು ಹಿಡೀತಾಳೆ."

ಗರಿಯಕ್ಕ ಹಿಡಿದಳು. ನಾದಿನಿಯ ಅಂಗೈ ಈಗ ನಿಜವಾಗಿ ಬೆವರಿತ್ತು. "ಅತ್ತಿಗೆ, ನಂಗೆ ಮಕ್ಕಳಿದಾರೆ," ಎಂದು ಪಿಸುಗುಟ್ಟಿದಳು.

"ನಂಗಿಲ್ವಾ?"

ಬಿಡುವುದೆಂದು ಗರಿಯಕ್ಕ ನಿರ್ಧರಿಸಿಯೇ ಇದ್ದಳು. ಬಲಗಾಲು ಇಳಿಯಿತು. ಎಡಗಾಲು ಇಳಿಯುತ್ತಿತ್ತು. ಈಗ, ಎಂದುಕೊಂಡಳು. ಬೆರಳುಗಳು ಕೇಳಲಿಲ್ಲ. ಹತ್ತೊಂಬತ್ತು ವರ್ಷ ಮೊಟ್ಟೆ ಹಿಡಿದ ಕೈಗಳು, ಕೆಳಗೆ ಮೊಟ್ಟೆಗಳಿರುವಾಗ ಭಾರವನ್ನು ಧೊಪ್ಪೆಂದು ಬಿಡಲಾರದೆ ಮೆಲ್ಲಗೆ, ಅಚ್ಚುಕಟ್ಟಾಗಿ ಇಳಿಸಿದವು. ಒಂದೂ ಒಡೆಯಲಿಲ್ಲ.

ಚಪ್ಪಾಳೆ ಬಿತ್ತು. ಮ್ಯಾನೇಜರ್ ಒರೆಸುವ ಬಟ್ಟೆಯೊಂದನ್ನು ಗರಿಯಕ್ಕನ ಹೆಗಲ ಮೇಲೆ ಎಸೆದ. "ಹೋಗೋಕೆ ಮುಂಚೆ ನಿನ್ನ ಗಲೀಜು ಒರೆಸಿಬಿಡು."

"ತಡೀರಿ ಅತ್ತಿಗೆ," ಎಂದಳು ನಾದಿನಿ ಮೇಲಿನಿಂದ. "ಮೊದಲು ನನ್ನ ಇಳಿಸಿ."