ಆರು ತಾಸು ಹತ್ತು ನಿಮಿಷ

ಹಳೆಯ ಪೆಟ್ಟಿಗೆ ಖಾಲಿ ಮಾಡುವಾಗ ಹೈಸ್ಕೂಲಿನ ಅಟ್ಲಾಸ್ ಸಿಕ್ಕಿತು. ಏಷ್ಯಾ ಖಂಡದ ಪುಟದಲ್ಲಿ ಎರಡು ಸೂಜಿ ತೂತುಗಳಿವೆ. ಒಂದು ಬೆಂಗಳೂರಿನ ಮೇಲೆ, ಇನ್ನೊಂದು ಶಾಂಘೈ ಮೇಲೆ. ಚುಚ್ಚಿದವಳು ನಾನು. ಚುಚ್ಚಿಸಿದವರು ಪಕ್ಕದ ಮನೆಯ ಮಾಮ.

ಆಗ ನಾವು ಚಿತ್ತವಾಡ್ಗಿಯಲ್ಲಿದ್ದೆವು. ಸಂಡೂರಿನ ಅದಿರು ಚೀನಾಕ್ಕೆ ಹೋಗುತ್ತಿದ್ದ ವರ್ಷಗಳು. ಮಾಮ ಲಾರಿಗಳಿಗೆ ಲೋಡು ಹೊಂದಿಸಿಕೊಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಅತ್ತಿ ಎನ್ನುತ್ತಿದ್ದೆ. ಸಂಡೂರಿನ ಕಡೆಯ ವಡ್ಡು ಎಂಬ ಊರಿನಲ್ಲಿ ಅತ್ತಿಯ ಹೆಸರಿಗೆ ತವರಿನವರು ಬರೆದುಕೊಟ್ಟ ಹೊಲವಿತ್ತು. ಅದನ್ನು ಮಾರಿ ತಾವೇ ಅದಿರಿನ ವ್ಯಾಪಾರಕ್ಕೆ ಇಳಿಯಬೇಕೆಂದು ಮಾಮ ಹಟ ಹಿಡಿದಿದ್ದರು. ಅತ್ತಿಯದು ಒಂದೇ ಮಾತು: “ಚೀನಾಕ್ಕ ಹೋಗಿ ಕೊಳ್ಳೋರ ಮುಖ ನೋಡಿ ಬರ್ರಿ. ಆಮ್ಯಾಲೆ ಸಹಿ ಹಾಕ್ತೀನಿ.”

ಒಂದು ಸಂಜೆ ಮಾಮ ನನ್ನ ಪಕ್ಕ ಬಂದು ಕುಳಿತರು.

“ಲೇ ಪುಟ್ಟಿ, ಬೆಂಗಳೂರಿಂದ ಶಾಂಘೈಗೆ ವಿಮಾನದಾಗ ಎಷ್ಟು ತಾಸು? ನೀ ಭಾಳ ಶಾಣ್ಯಾಕಿ, ಲೆಕ್ಕ ಹಾಕಿ ಹೇಳು.”

ಎರಡು ತೂತುಗಳ ನಡುವೆ ದಾರ ಎಳೆದು ಅಳೆದೆ. ಐದು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ. ಗಂಟೆಗೆ ಎಂಟುನೂರರಂತೆ ಆರು ತಾಸು ಹತ್ತು ನಿಮಿಷ. ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನನಗೆ ಎಂಥ ಹೆಮ್ಮೆ...

ಮಾಮ ಚೀನಾಕ್ಕೆಂದು ಹೊರಟುಹೋದ ಮೇಲೆ ಆ ಲೆಕ್ಕವನ್ನು ಭೂಗೋಳದ ಮಾಸ್ತರರಿಗೆ ತೋರಿಸಿದೆ. ಅವರು ನಕ್ಕರು. “ದಾರ ನೆಟ್ಟಗ ಹೋಗ್ತೈತವ್ವ, ವಿಮಾನ ಹೋಗಂಗಿಲ್ಲ. ಬೆಂಗಳೂರಿಂದ ಅಲ್ಲಿಗೆ ನೇರ ವಿಮಾನನ ಇಲ್ಲ. ಸಿಂಗಪುರದಾಗೋ ಎಲ್ಲೋ ಇಳಿದು, ಕಾದು, ಬ್ಯಾರೆದು ಹತ್ತಬೇಕು. ಹೆಚ್ಚುಕಮ್ಮಿ ಒಂದು ದಿನ ಹಿಡಿತೈತಿ.”

ಹತ್ತು ದಿನಕ್ಕೆ ಮಾಮ ಬಂದರು. ಅತ್ತಿಗೆ ಬೀಸಣಿಗೆ, ನನಗೆ ಪೆನ್ನು.

“ಪುಟ್ಟಿ ಲೆಕ್ಕ ಅಂದ್ರ ಲೆಕ್ಕ ನೋಡು! ಆರು ತಾಸು ಹತ್ತು ನಿಮಿಷಕ್ಕ ಸರಿಯಾಗಿ ಇಳಿಸಿಬಿಟ್ರು.”

“ನಡುವ ಎಲ್ಲಿ ವಿಮಾನ ಬದಲಿ ಮಾಡಿದ್ರಿ, ಮಾಮಾ?”

“ಬದಲಿ ಯಾಕ ಲೇ? ಅದೇನು ಕಂಪ್ಲಿ ಬಸ್ಸೇನು, ಕಮಲಾಪುರದಾಗ ಇಳಿದು ಹತ್ತಾಕ? ನೆಟ್ಟಗ ಹೋತು.”

ಅತ್ತಿ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ನಗಲಿಲ್ಲ. ನನ್ನ ಲೆಕ್ಕ ತಪ್ಪಾಗಿತ್ತು. ಆ ತಪ್ಪು ಲೆಕ್ಕದಲ್ಲೇ ಅವರು ಒಂದು ನಿಮಿಷವೂ ಆಚೀಚೆಯಾಗದೆ ಹೋಗಿ ಇಳಿದಿದ್ದರು. ಸುಳ್ಳಿಗೆ ಬೇಕಾದದ್ದನ್ನು ನನ್ನ ಕೈಯಿಂದಲೇ ಬರೆಸಿಕೊಂಡಿದ್ದರು. ಆಗಲೇ ಹೇಳಿಬಿಡಬೇಕಿತ್ತು... ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕುಳಿತೆ. ಮುಂದಿನ ಸೋಮವಾರ ಅತ್ತಿ ಸಹಿ ಹಾಕಿದರು.

ಶ್ರಾವಣದ ಹೊತ್ತಿಗೆ ಹೊಲವೂ ಇರಲಿಲ್ಲ, ಮಾಮನೂ ಇರಲಿಲ್ಲ. ಕಂಪ್ಲಿಯಲ್ಲಿ ಅವರಿಗೆ ಇನ್ನೊಂದು ಸಂಸಾರವಿತ್ತು, ಆ ಹತ್ತು ದಿನವೂ ಅಲ್ಲೇ ಇದ್ದರು ಎಂಬುದು ಲಾರಿಯವರ ಬಾಯಿಂದ ತಿಳಿಯಿತು.

ಮಾಮ ತೀರಿಕೊಂಡು ವರ್ಷವಾಯಿತು. ಅತ್ತಿ ಈಗ ಕಮಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಮೊನ್ನೆ ನೋಡಿಬರಲು ಹೋಗಿದ್ದೆ. ಮಾತಿನ ನಡುವೆ ಅವರೇ ಅಂದರು: “ಅವರ ಸುಳ್ಳು ಯಾರಿಗೂ ಗೊತ್ತಾಗಲಿಲ್ಲ ಬಿಡವ್ವ. ನಾ ಒಬ್ಬಾಕೇನ ಮೋಸ ಹೋಗಲಿಲ್ಲ.”

“ನನಗ ಗೊತ್ತಿತ್ತು ಅತ್ತಿ. ಸಹಿ ಹಾಕೋಕ್ಕಿಂತ ಮೊದಲ.”

ನಾನು ಹೊರಟಾಗ ಅತ್ತಿ, ಹೋಗಿ ಬಾ ಎನ್ನಲಿಲ್ಲ.