ಮೂರು ಗೂಟದ ನೂಲು

ಮಾಸ್ತರರ ಎಡಗಣ್ಣು ಬಿಳಿ ಗುಂಡಿಯ ಹಾಗೆ ಇತ್ತು. ಚಿಕ್ಕವರಿದ್ದಾಗ ಇಚಲಕರಂಜಿಯ ಪವರ್‌ಲೂಮಿನಿಂದ ಲಾಳಿ ಹಾರಿ ಬಂದು ಬಡಿದಿತ್ತಂತೆ. ಉಳಿದ ಒಂದೇ ಕಣ್ಣಿನಲ್ಲಿ ಓದಿ ಕೊಲ್ಹಾಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಸಿಟ್ಟಿಗೆ ಮಾತ್ರ ಎರಡೂ ಕಣ್ಣಿದ್ದವು. ಡಸ್ಟರು ಎಸೆಯುತ್ತಿದ್ದರು, ಕಪಾಳಕ್ಕೆ ಬಾರಿಸುತ್ತಿದ್ದರು. ಎಂ.ಎ. ಓದುವ, ಮೀಸೆ ಬಂದ ನನ್ನನ್ನೂ ಬಿಡಲಿಲ್ಲ.

ಮಗ್ಗ ನಿಂತ ರವಿವಾರ, ಇಚಲಕರಂಜಿಯ ಅವರ ಮನೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ ನನಗೆ ಹೋಮಾಲಜಿ ಹೇಳಿಕೊಡುತ್ತಿದ್ದರು. ಫ್ರಾನ್ಸಿನ ಕಡೆಯಿಂದ ಬಂದ ಹೊಸ ಗಣಿತ. ತ್ರಿಕೋನಗಳದೊಂದು ಲೋಕ, ಯಾವುದು ಸೊನ್ನೆಯಾಯಿತು ಎಂದು ಲೆಕ್ಕ ಹಿಡಿಯಬಹುದಾದ ಅಬೇಲಿಯನ್ ಎಂಬ ಇನ್ನೊಂದು ಲೋಕ; ಮೊದಲನೆಯದರಿಂದ ಎರಡನೆಯದಕ್ಕೆ ಒಯ್ಯುವ ದಾರಿ ಅದು. ನೆಲಕ್ಕೆ ಮೂರು ಗೂಟ ಹೊಡೆದು ನೂಲು ಸುತ್ತುವರು. ಮೂರನೆಯದನ್ನು ದಾಟಿ ಮೊದಲ ಗೂಟಕ್ಕೆ ಮರಳುವಾಗ ನೂಲು ಒಂದು ಬೆರಳು ಮೇಲೇರಿರುತ್ತಿತ್ತು. ಆಮೇಲೆ ಬಿಚ್ಚಿ ಉದ್ದಕ್ಕೆ ಹಾಸುವರು.

"ಸುತ್ತಿದ್ದು ತ್ರಿಕೋನ, ಹಾಸಿದ್ದು ಸಾಲು. ಈ ಸಾಲಿನ್ಯಾಗ ಮುಂದಿನ ಹೆಜ್ಜಿಗೆ ಸೊನ್ನಿ ಆಗೂದೆಲ್ಲಾ ಹಿಂದಿನ ಹೆಜ್ಜಿಯಿಂದ ಬಂದಿದ್ದಽ. ತಿಳೀತೇನು?"

"ಅಂದ್ರ ಯಾವದ್ರಿಂದ ಬಂತು ಅನ್ನೂದು ಗೊತ್ತಾತ್ರಿ" ಅಂದೆ. ಫಟ್ ಎಂದು ಬಿತ್ತು.

"ಹಿಂದಿಂದ ಬಂತು ಅಂತ ಗೊತ್ತಾತು. ಹಿಂದಿನ ಯಾವದ್ರಿಂದ ಅಂತ ಎಲ್ಲಿ ಗೊತ್ತಾತೋ, ಹುಚ್ಚಪ್ಯಾಲಿ? ಹತ್ತು ಇರಬಹುದು!"

ಆ ವರ್ಷ ಮಗ್ಗದವರು ಸಂಪು ಹೂಡಿದರು. ನಮ್ಮಪ್ಪನೂ ಮಗ್ಗದವನೇ. ಮಗ್ಗಗಳ ಒಡೆಯ ಸಾಹುಕಾರನ ಮೇಸ್ತ್ರಿ ಅವನನ್ನು ಕಾರ್ಖಾನೆಯ ಗೇಟಿನ ಮುಂದೆ ಚಕ್ಕಳದ ಪಟ್ಟೆಯಿಂದ ಹೊಡೆದ. ಗುಂಪಿನ ನಡುವಿನಿಂದ ನಾನು ಕಲ್ಲು ಬೀಸಿದೆ. ಮೇಸ್ತ್ರಿಯ ಹಣೆ ಒಡೆದು ರಕ್ತ ಬಾಯಿಯವರೆಗೆ ಇಳಿಯಿತು. ಸಾಹುಕಾರನ ಆಳುಗಳು ನನ್ನ ಪಕ್ಕದಲ್ಲಿದ್ದ ರಾಮದುರ್ಗದ ನೇಕಾರನನ್ನು ಕೆಡವಿ ಒದೆಯತೊಡಗಿದರು. ಅವನ ಹಲ್ಲು ಉದುರಿದ್ದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ. ಹೇಡಿ ನಾನು.

ಗೇಟಿನ ಎದುರಿನ ಓಣಿಯಲ್ಲೇ ಮನೆಯಿದ್ದ ಮಾಸ್ತರರು ಓಡಿ ಬಂದು ಅವನ ಮೇಲೆ ಅಡ್ಡ ಬಿದ್ದರು. "ಕಲ್ಲು ಈ ಗುಂಪಿನಿಂದ ಬಂತು, ಖರೆ. ಇವನ ಕೈಯಿಂದಽ ಬಂತು ಅಂತ ಯಾಂವ ನೋಡ್ಯಾನ?"

"ಏ ಮಾಸ್ತರ್, ಬಾಜೂಲಾ ಹೋ!" ಎಂದು ಒಬ್ಬ ಬಡಿಗೆ ಎತ್ತಿದ. ಅವರು ಸರಿಯಲಿಲ್ಲ. ಅವರ ಬಲಗೈ ಮುರಿದ ಸದ್ದು ನನಗೆ ಕೇಳಿಸಿತು.

ರಾಮದುರ್ಗದವನು ಕುಂಟುತ್ತ ಊರಿಗೆ ಮರಳಿದ. ಮಾಸ್ತರರು ಎಡಗೈಯಲ್ಲಿ ಬರೆಯಲು ಕಲಿತರು. ಗೂಟಕ್ಕೆ ನೂಲು ಸುತ್ತುವ ಕೆಲಸ ನನಗೆ ಬಂತು. ಎರಡು ತಿಂಗಳು ಸುತ್ತಿ, ಕೊನೆಗೆ ತಡೆಯಲಾಗದೆ, "ಮಾಸ್ತರ, ಕಲ್ಲು ಒಗದಾಂವ ನಾನಽ ರೀ" ಅಂದು ಕೆನ್ನೆ ಮುಂದೆ ಮಾಡಿ ನಿಂತೆ.

ಅವರು ಹೊಡೆಯಲಿಲ್ಲ. ಪುಸ್ತಕ ಮುಚ್ಚಿದರು. "ನನ್ನ ಮುಂದ ಯಾಕ ಹೇಳ್ತಿ? ಅವನ ಮುಂದ ಹೇಳಿ ಬಾ. ಆಮ್ಯಾಲೆ ಪಾಠ."

ನನಗೆ ಧೈರ್ಯ ಬರಲಿಲ್ಲ. ಇವತ್ತು ನಾಳೆ ಅನ್ನುವುದರಲ್ಲಿ ಗಡಹಿಂಗ್ಲಜದ ತಮ್ಮ ಅಕ್ಕನ ಮನೆಯಲ್ಲಿ ಜ್ವರ ಹಿಡಿದು ಮಾಸ್ತರರು ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಅಲ್ಲಿಂದಲೇ ರಾಮದುರ್ಗಕ್ಕೆ ಹೋದೆ. ಆ ನೇಕಾರ ಬಾಗಿಲಲ್ಲಿ ನಿಂತು ನಾನು ಹೇಳಿದ್ದನ್ನು ಪೂರ್ತಿ ಕೇಳಿದ. ಕೇಳಿ, ಕಪಾಳಕ್ಕೆ ಎರಡು ಬಾರಿಸಿದ. ಒಂದು ಅವನದು. ಇನ್ನೊಂದು ಮಾಸ್ತರರು ಹೊಡೆಯದೆ ಬಿಟ್ಟದ್ದು ಎಂದೇ ನಾನು ಇಟ್ಟುಕೊಂಡಿದ್ದೇನೆ.