ಕೀಲಿ ಹಾಕದ ಪಡಸಾಲೆ

ಕಮಲಾಪುರದ ಒಂದು ಪ್ರೌಢಶಾಲೆಗೆ ಹೊಸ ಕಟ್ಟಡದ ನಕ್ಷೆ ಬರೆಯುವ ಕೆಲಸ ಬಂದಾಗ, ಒಂದೆರಡು ಸಲ ಹೋಗಿ ಜಾಗ ಅಳೆದು ಬಂದು, ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ನನ್ನ ಪುಟ್ಟ ಕಚೇರಿಯಲ್ಲೇ ಕೂತು ಅದನ್ನು ಮುಗಿಸಿಬಿಟ್ಟೆ. ನಾಲ್ಕು ಕೋಣೆ, ಒಂದು ಗ್ರಂಥಾಲಯ, ಮುಂದೆ ದೊಡ್ಡದೊಂದು ಕಮಾನು. ಆ ಕಮಾನಿನ ಮೇಲೆ ನನಗೆ ವಿಶೇಷ ಪ್ರೀತಿ. ಕಟ್ಟಡ ಕಟ್ಟಿಸಲು ಹೊರಟಿದ್ದ ಹಳೆಯ ವಿದ್ಯಾರ್ಥಿಗಳೂ ಅದನ್ನೇ ಮೆಚ್ಚಿದ್ದರು.

ಹೆಡ್‌ಮಾಸ್ತರರು ಮಾತ್ರ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕಮಾನಿನ ಮೇಲೆ ಬೆರಳಿಟ್ಟರು.

“ಛಂದ ಅದರೀ ಮೇಡಂ. ಆದ್ರ ನೀವು ಬರೂದು ಹನ್ನೊಂದಕ್ಕ. ಒಂದಿನ ಎಂಟಕ್ಕ ಬಂದು ನೋಡ್ರಿ.”

ಒಳಗೊಳಗೇ ಸಿಟ್ಟು ಬಂತು. ಆದರೂ ಮರುದಿನ ಮುಂಜಾನೆಯ ಬಸ್ಸು ಹಿಡಿದೆ. ಶಾಲೆಗೆ ಇನ್ನೂ ಕೀಲಿ ಹಾಕಿತ್ತು. ಮೆಟ್ಟಿಲ ಮೇಲೆ, ಗೋಡೆಯ ಪಕ್ಕ ಇಪ್ಪತ್ತು ಮೂವತ್ತು ಮಕ್ಕಳು ಕೂತಿದ್ದರು. ಹತ್ತನೇ ತರಗತಿಯ ಹುಡುಗಿಯೊಬ್ಬಳು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದಳು.

“ಇಷ್ಟ ಲಗೂನ ಯಾಕ ಬಂದೀಯವ್ವಾ?”

“ನಮ್ಮೂರಿಂದ ಇದೊಂದ ಬಸ್ಸರೀ. ಇದು ತಪ್ಪಿದ್ರ ಹನ್ನೊಂದಕ್ಕ.”

“ಮನ್ಯಾಗ ಓದಂಗಿಲ್ಲೇನು?”

“ಮನ್ಯಾಗ ಭಾಳ ಗದ್ದಲರೀ. ಇಲ್ಲೇ ಓದೂದಾಗ್ತದ. ಬಿಸಲು ಬಂದ್ರ ಏಳಬೇಕಾಗ್ತದ, ಅಷ್ಟೇ.”

ಬಿಸಿಲು ಸರಿದಂತೆ ಮಕ್ಕಳೂ ಸರಿಯುತ್ತ ಹೋದರು. ಒಂಬತ್ತರ ಹೊತ್ತಿಗೆ ಎಲ್ಲರೂ ಗೋಡೆಯ ಕಿರಿದಾದ ನೆರಳಿಗೆ ಒತ್ತಿಕೊಂಡು ನಿಂತಿದ್ದರು. ಕಲಬುರಗಿಯ ಶಹಾಬಜಾರದಲ್ಲಿ ನಾನು ಬೆಳೆದ ಮನೆ ನೆನಪಾಯಿತು. ಎರಡು ಕೋಣೆಯಲ್ಲಿ ಒಂಬತ್ತು ಮಂದಿ. ನಾನು ಹತ್ತನೇ ತರಗತಿಯ ಪರೀಕ್ಷೆಗೆ ಓದಿದ್ದು ಮಾಳಿಗೆಯ ಮೆಟ್ಟಿಲ ಮೇಲೆ. ನಾನು ಕೂತಿದ್ದಾಗ ಅಜ್ಜಿ ಯಾರನ್ನೂ ಮೇಲೆ ಹತ್ತಗೊಡುತ್ತಿರಲಿಲ್ಲ. ಅದನ್ನೆಲ್ಲ ಹೇಗೆ ಮರೆತೆನೋ, ನಾಚಿಕೆಯಾಯಿತು.

ಆ ವಾರವಿಡೀ ಹೋದೆ. ಕೊನೆಯ ದಿನ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು, ಎಲ್ಲಿ ಕೂತು ಓದಬೇಕೆನಿಸುತ್ತದೋ ಅಲ್ಲಿ ಗೆರೆ ಎಳೆಯಲು ಹೇಳಿದೆ. ಕಮಾನು ಬರಬೇಕಿದ್ದ ಜಾಗಕ್ಕೆ ಒಬ್ಬರೂ ಹೋಗಲಿಲ್ಲ. ಹುಡುಗಿಯರೆಲ್ಲ ಹಿಂದಿನ ಬೇವಿನ ಮರದ ಕಡೆ ಗೆರೆ ಎಳೆದರು. “ರಸ್ತಾದ ಕಡಿ ಕುಂತ್ರ ಹೋಗೋರು ಬರೋರು ನೋಡ್ತಾರ್ರಿ,” ಎಂದಳು ಅದೇ ಹುಡುಗಿ.

ಕಮಾನು ತೆಗೆದು, ಬೇವಿನ ಮರದ ಕಡೆಗೆ ತೆರೆದ ಪಡಸಾಲೆ ಬರೆದೆ. ಬಾಗಿಲಿಲ್ಲ, ಕೀಲಿಯಿಲ್ಲ. ಗೋಡೆಯುದ್ದಕ್ಕೂ ಕೂರಲು ಶಹಾಬಾದ್ ಕಲ್ಲಿನ ಕಟ್ಟೆ. ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರೊಬ್ಬರು ಮುನಿಸಿಕೊಂಡರು.

“ಕಮಾನಿಲ್ಲಂದ್ರ ಶಾಲಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ?”

“ಬೋರ್ಡ್ ಹಾಕ್ತೀವಲ್ರೀ ಸಾಹೇಬ್ರ,” ಎಂದರು ಹೆಡ್‌ಮಾಸ್ತರರು. ಹಿರಿಯರು ನಗದೇ ಒಪ್ಪಿದರು.

ಕಟ್ಟಡ ಮುಗಿದ ಮೇಲೆ ಒಂದು ಬೆಳಿಗ್ಗೆ ಹೇಳದೆ ಹೋದೆ. ಆ ಹುಡುಗಿ ಅಷ್ಟರಲ್ಲಿ ಪಾಸಾಗಿ ಕಲಬುರಗಿಯ ಕಾಲೇಜು ಸೇರಿದ್ದಳು. ಪಡಸಾಲೆಯ ನೆರಳಿನಲ್ಲಿ ಅವಳು ಒಂದು ದಿನವೂ ಕೂರಲಿಲ್ಲ. ಪಡಸಾಲೆ ತುಂಬಿತ್ತು. ಆದರೆ ಕಟ್ಟೆಯ ಮೇಲೆ ಯಾರೂ ಕೂತಿರಲಿಲ್ಲ. ಮಕ್ಕಳು ತಣ್ಣನೆಯ ನೆಲದ ಮೇಲೆ ಕೂತು, ಕಟ್ಟೆಯನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದರು.

“ಕೂಡಾಕ ಎತ್ತರ ಆಗ್ಯದೇನು, ಕಟ್ಟಿ ಸ್ವಲ್ಪ ತಗ್ಗ ಮಾಡಸ್ಲೇನ್ರಿ?” ಎಂದು ಆಗಷ್ಟೇ ಬಂದ ಹೆಡ್‌ಮಾಸ್ತರರನ್ನು ಕೇಳಿದೆ.

“ಬ್ಯಾಡ್ರಿ, ಅವ್ರಿಗಿ ಅದು ಸರಿ ಹೊಂದ್ಯದ,” ಎಂದರು.

ಟೇಪು ತೆಗೆದು ಕಟ್ಟೆಯ ಎತ್ತರ ಅಳೆದೆ, ಮುಂದಿನ ಶಾಲೆಯ ನಕ್ಷೆಗಿರಲೆಂದು ಬರೆದುಕೊಂಡೆ. ಬರೆಯುತ್ತಿದ್ದ ಮಕ್ಕಳು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಪುಸ್ತಕಕ್ಕೆ ಬಾಗಿದರು.